ಮನೆಯ ಮುದಿ ಬೆಕ್ಕು



ದನಕರುಗಳ ಆರೋಗ್ಯದ ಮಾತು ಎಷ್ಟೋ ಸಲ ಆಡಿದ್ದೇವೆ. ಈ ಹೊತ್ತು ಬೆಕ್ಕಿನ ವಿಚಾರ. ನಗಬೇಡಿ. ಕಣಜದ ರಾಗಿ, ಅಟ್ಟದ ಮೇಲಿನ ಬಿತ್ತನೆ ಬೀಜ ಇಲಿಯ ಪಾಲಾಗದಂತೆ ವರ್ಷಗಟ್ಟಲೆ ಕಾದದ್ದು ಯಾರು? ಆ ಸಂಬಳವಿಲ್ಲದ ಕಾವಲುಗಾರನಿಗೆ ಹತ್ತು ವರ್ಷ ದಾಟಿತೆಂದರೆ ಮುಪ್ಪು ಬಂತೆಂದೇ ತಿಳಿಯಿರಿ.

ಮುಪ್ಪಿನಲ್ಲಿ ಬೆಕ್ಕು ಹೆಚ್ಚು ಮಲಗುತ್ತದೆ. ಅಟ್ಟಕ್ಕೆ ನೆಗೆಯಲು ಹಿಂದುಮುಂದು ನೋಡುತ್ತದೆ. ಮೈ ನೆಕ್ಕಿಕೊಳ್ಳುವುದು ಕಡಿಮೆಯಾಗಿ ರೋಮ ಗಂಟುಕಟ್ಟುತ್ತದೆ. "ವಯಸ್ಸಾಯ್ತು, ಬಿಡಿ" ಅಂತ ನಾವು ಸುಮ್ಮನಾಗುತ್ತೇವೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ನೆಗೆಯದಿರುವುದಕ್ಕೆ ಕೀಲುನೋವು ಕಾರಣವಿರಬಹುದು. ಮೈ ಬಡವಾಗುತ್ತಿದ್ದರಂತೂ ಒಳಗೇನೋ ರೋಗವಿದೆಯೆಂದು ಸಂಶಯಪಡಬೇಕು. ಹಸುವಾದರೆ ಹಾಲು ಇಳಿಸಿ ತನ್ನ ಕಷ್ಟ ತಿಳಿಸುತ್ತದೆ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ.

ಆದ್ದರಿಂದ ತೂಕ ಮಾಡಿ. ಎತ್ತಿಗೆ ನೊಗ ಹೂಡದ ಅಮಾವಾಸ್ಯೆಯ ದಿನವನ್ನೇ ಇದಕ್ಕೂ ಇಟ್ಟುಕೊಳ್ಳಿ. ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿ ಕೂರಿಸಿ, ಕಾಳು ತೂಗುವ ತಕ್ಕಡಿಯಲ್ಲಿ ತೂಗಿ, ಬುಟ್ಟಿಯ ತೂಕ ಕಳೆದು, ಕ್ಯಾಲೆಂಡರಿನ ಮೇಲೆ ಬರೆದಿಡಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ, 60 ಕಿಲೋ ಮನುಷ್ಯ 6 ಕಿಲೋ ಇಳಿದ ಲೆಕ್ಕ. ರೋಮದ ಮರೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ.

ನೀರಿನ ಕಡೆಗೂ ಗಮನವಿರಲಿ. ಅಪರೂಪಕ್ಕೆ ನೀರು ಮುಟ್ಟುತ್ತಿದ್ದ ಬೆಕ್ಕು ಈಗ ದನದ ಬಾನಿಗೆ ಮತ್ತೆ ಮತ್ತೆ ಹೋಗುತ್ತದೆ, ಮೂತ್ರವೂ ಹೆಚ್ಚು ಎಂದರೆ ಮೂತ್ರಪಿಂಡ ಸೋತಿರಬಹುದು. ಮುದಿ ಬೆಕ್ಕುಗಳಲ್ಲಿ ಈ ರೋಗ ಬಹಳ. ಸಿಹಿಮೂತ್ರವೂ ಇರಬಹುದು. ಇನ್ನೊಂದು ಬಗೆಯಿದೆ. ಗಬಗಬನೆ ತಿಂದರೂ ಬಡಕಲು, ರಾತ್ರಿಯೆಲ್ಲ ಕೂಗಾಟ, ಓಡಾಟ. ಕಂಡವರು "ಈ ವಯಸ್ಸಿನಲ್ಲೂ ಎಷ್ಟು ಚುರುಕು!" ಅಂತಾರೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡಿದರೆ ಹೀಗಾಗುತ್ತದೆ. ಬಾಯಿ ನಾರಿ, ತುತ್ತು ಉದುರಿಸುತ್ತಿದ್ದರೆ ಹಲ್ಲು, ವಸಡು ನೋಡಿಸಿ. ಜೊಲ್ಲು ಸುರಿಸುವ ಬೆಕ್ಕಿನ ಬಾಯಿಗೆ ಮಾತ್ರ ನೀವು ಕೈ ಹಾಕಬೇಡಿ, ಹುಚ್ಚುರೋಗವಿದ್ದೀತು. ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಯಾವ ರೋಗವೆಂದು ತಿಳಿಯಲು ರಕ್ತ, ಮೂತ್ರ ಪರೀಕ್ಷೆಯಾಗಬೇಕು. ಬರೆದಿಟ್ಟ ತೂಕದ ಲೆಕ್ಕವನ್ನೂ ಪಶುವೈದ್ಯರಿಗೆ ತೋರಿಸಿ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಗಂಡು ಬೆಕ್ಕು ಮುಕ್ಕಿದರೂ ಮೂತ್ರ ಬಾರದಿದ್ದರೆ ಆ ಕ್ಷಣವೇ ಹೊರಡಿ.

ತಾಯಂದಿರೇ, ಪಾಪ ನರಳುತ್ತಿದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟೀರಿ! ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸುವ ಶಕ್ತಿಯಿಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಮೂತ್ರಪಿಂಡ ಸೋತ ಬೆಕ್ಕು ಮನೆ ಒದ್ದೆ ಮಾಡುತ್ತದೆಂದು ಕೆಲವರು ನೀರಿನ ಬಟ್ಟಲನ್ನೇ ಎತ್ತಿಡುತ್ತಾರೆ. ಎತ್ತಿಡಬೇಡಿ, ಇನ್ನೊಂದು ಬಟ್ಟಲು ಇಡಿ. ಅಟ್ಟ ಏರಲು ನಡುವೆ ಒಂದು ಮೂಟೆಯನ್ನೂ ಇಟ್ಟುಕೊಡಿ.