ಓಣಿಯ ಹಿರಿಯರಿಗೆ ನಮ್ಮ ಸಂಘದ ಆಸರೆ



ಉಳಿತಾಯ ಎಷ್ಟು, ಸಾಲ ಎಷ್ಟು, ಯಾರ ಕಂತು ಬಾಕಿ ಇದೆ ಎಂಬ ಲೆಕ್ಕ ನಮಗೆ ಬಾಯಿಪಾಠ. ಆದರೆ ನಮ್ಮ ಓಣಿಯಲ್ಲಿ ಒಬ್ಬರೇ ಇರುವ ಹಿರಿಯರು ಎಷ್ಟು ಮಂದಿ ಎಂದು ಕೇಳಿದರೆ ತಟ್ಟನೆ ಹೇಳಲಾರೆವು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಶೇಕಡಾ 9.5ರಷ್ಟು ಜನ 60 ದಾಟಿದವರಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಮಕ್ಕಳು ದುಡಿಯಲು ಬೆಳಗಾವಿ, ಪುಣೆ ಅಂತ ಹೋಗಿರುತ್ತಾರೆ. ಮನೆತುಂಬ ಜನರಿದ್ದರೂ ಬೆಳಿಗ್ಗೆ ಕಬ್ಬಿನ ಹೊಲಕ್ಕೆ ಹೋದವರು ತಿರುಗಿ ಬರೋದು ಸಂಜೆಗೇ. ಹಗಲೆಲ್ಲಾ ಮುದುಕಿ ಒಬ್ಬಳೇ.

2019ರ ಆಗಸ್ಟ್ ತಿಂಗಳನ್ನು ಯಾರೂ ಮರೆತಿಲ್ಲ. ಘಟಪ್ರಭೆ ಉಕ್ಕಿ ಗೋಕಾಕಕ್ಕೂ ಮೂಡಲಗಿ ಭಾಗದ ಹಳ್ಳಿಗಳಿಗೂ ನೀರು ಹೊಕ್ಕಿತು. ಅತ್ತ ಸಂಕೇಶ್ವರದ ಕಡೆ ಹಿರಣ್ಯಕೇಶಿ. 2021ರ ಜುಲೈನಲ್ಲಿ ಮತ್ತೆ ಅದೇ ಪಾಡು. ಕಾಲಿದ್ದವರು ಓಡುತ್ತಾರೆ. ಕಿವಿ ಕೇಳದ, ಕಣ್ಣು ಮಂಜಾದ, ಹಾಸಿಗೆ ಹಿಡಿದ ಹಿರಿಯರು ಯಾವ ಮನೆಯ ಯಾವ ಕೋಣೆಯಲ್ಲಿದ್ದಾರೆ ಎಂಬುದು ಆಗ ಗೊತ್ತಿರಬೇಕು. ಅದನ್ನು ಓಣಿಯ ಹೆಂಗಸರಷ್ಟು ಚೆನ್ನಾಗಿ ಯಾವ ಕಚೇರಿಯೂ ತಿಳಿಯದು. ಅದಕ್ಕೇ ಈ ಕೆಲಸ ಸಂಘದ್ದು ಎನ್ನುತ್ತೇವೆ.

ಇದಕ್ಕೆ ದುಡ್ಡು ಬೇಡ. ಒಬ್ಬ ಸದಸ್ಯೆಗೆ ಒಂದು ಮನೆ, ವಾರಕ್ಕೆ ಎರಡು ಸಲ ಅರ್ಧ ತಾಸು. "ಯವ್ವಾ, ಊಟಾ ಆತೇನು? ಗುಳಿಗಿ ತಗೊಂಡಿಯೇನು?" ಎಂದು ಕೇಳಿ ಕೂತರೆ ಅರ್ಧ ಕೆಲಸ ಆದಂತೆ. ಹಳೇ ಕಥೆಯನ್ನೇ ನಾಲ್ಕನೇ ಸಲ ಹೇಳಿದರೂ ಕೇಳೋಣ. ಬಚ್ಚಲಲ್ಲಿ ಪಾಚಿ ಇದೆಯೇ, ರಾತ್ರಿ ಏಳಲು ದೀಪವಿದೆಯೇ, ನೀರಿನ ತಂಬಿಗೆ ಕೈಗೆ ಸಿಗುತ್ತದೆಯೇ ನೋಡೋಣ. ಮುಪ್ಪಿನಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟ ಮುರಿದರೆ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ನಮ್ಮತ್ತೆಯ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡುವುದಂತೂ ಬೇಡವೇ ಬೇಡ.

ಇದು ಆಗುವ ಮಾತೇ ಎಂದು ಅನುಮಾನವೇ? ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2000ದ ಸುಮಾರಿಗೆ ನೆರೆಹೊರೆಯವರೇ ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವ ಪದ್ಧತಿ ಶುರುವಾಯಿತು. ವೈದ್ಯರು, ದಾದಿಯರು ಬೆನ್ನಿಗೆ ನಿಂತರು, ದಿನನಿತ್ಯದ ಕಣ್ಣು ಮಾತ್ರ ಊರವರದೇ. ಮುಂದೆ ಅದು ಕೇರಳದ ಉದ್ದಗಲಕ್ಕೂ ಹರಡಿತು.

ಇನ್ನು ಪಿಂಚಣಿ ವಿಚಾರ. ಬಡ ಹಿರಿಯರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಆರಂಭವಾಯಿತು. 65 ತುಂಬಿದವರಿಗೆ ಇದು. 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿಸಿದರು. ಅರ್ಜಿ ನಾಡಕಚೇರಿಯಲ್ಲಿ. ಹಣ ಒಮ್ಮೆಲೇ ನಿಂತರೆ ಹೆಚ್ಚಾಗಿ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗದ್ದೇ ಕಾರಣ. ಅಜ್ಜಿಯನ್ನು ಕರೆದುಕೊಂಡು ಹೋಗಿ ಕೇಳಿದರೆ ಸಾಕು, ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಎಟಿಎಂ ಕಾರ್ಡು, ಪಿನ್ ನಂಬರು ನಾವು ಇಟ್ಟುಕೊಳ್ಳಬಾರದು. ಹಣ ತಂದುಕೊಟ್ಟರೆ ಇನ್ನೊಬ್ಬರ ಎದುರು ಎಣಿಸಿ ಕೊಡಬೇಕು. ಸಂಘಕ್ಕೆ ಕೆಟ್ಟ ಹೆಸರು ಬರೋಕೆ ಐವತ್ತು ರೂಪಾಯಿ ಸಾಕು.

ಕೆಲವು ಮನೆಗಳ ಸಂಕಟ ಬೇರೆ. ಹೊಲ ಬರೆಸಿಕೊಂಡ ಮೇಲೆ ಮಕ್ಕಳು ತಾಟು ಬೇರೆ ಮಾಡುತ್ತಾರೆ. 2007ರ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳ ಬಳಿ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಲೂ ಬರುತ್ತದೆ. ಆ ಷರತ್ತು ದಾನಪತ್ರದಲ್ಲೇ ಬರೆದಿದ್ದರೆ ಒಳ್ಳೆಯದು. ಹೀಗಾಗಿ ಹೆಬ್ಬೆಟ್ಟು ಒತ್ತುವ ಮೊದಲೇ ಹಿರಿಯರಿಗೆ ಇದನ್ನು ಹೇಳಬೇಕು. ಹಾಗಂತ ಮೊದಲ ದಿನವೇ ಕಾಯ್ದೆ ಹಿಡಿದು ಆ ಮನೆಗೆ ಹೋಗೋದು ಬೇಡ. ಸೊಸೆಯೂ ನಮ್ಮಂಥವಳೇ, ಅವಳ ದಣಿವನ್ನೂ ಕೇಳೋಣ. ಬಡಿಯುವುದು, ಉಪವಾಸ ಕೆಡಹುವುದು ಕಂಡರೆ ಮಾತ್ರ ತಡಮಾಡದೆ 14567ಕ್ಕೆ ಫೋನ್ ಮಾಡಿ. ಅದು ಹಿರಿಯರ ಉಚಿತ ಸಹಾಯವಾಣಿ.

ಮುಂದಿನ ವಾರದ ಸಭೆಗೆ ಒಂದು ಹಾಳೆ ತನ್ನಿ. ಓಣಿಯ ಹಿರಿಯರ ಹೆಸರು, ವಯಸ್ಸು, ಕಾಯಿಲೆ, ಮಕ್ಕಳ ಫೋನ್ ನಂಬರು, ನೀರು ಬಂದರೆ ಎತ್ತಿಕೊಂಡು ಹೋಗಬೇಕಾದವರು ಯಾರು ಎಂದು ಬರೆಯಿರಿ. ಹಾಳೆ ಸಂಘದ ಪುಸ್ತಕದಲ್ಲೇ ಇರಲಿ, ಮಳೆಗಾಲಕ್ಕೆ ಮುಂಚೆ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡಿ.