ತಂಬಾಕಿನ ವಖಾರಿಯಲ್ಲಿ ಯಾರು ಯಾರವರು?

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಜನರ ನಂಬಿಕೆ. ಆದರೆ ದುಡಿಮೆಗಾರನು ಉಣ್ಣುವುದು ಧಣಿಯ ಅನ್ನವನ್ನೋ, ತನ್ನ ತೋಳಿನ ಅನ್ನವನ್ನೋ? ಬೆಳಗಾವಿ ಜಿಲ್ಲೆಯ ಗಡಿಯಲ್ಲಿರುವ ನಿಪ್ಪಾಣಿಯ ಹೆಂಗಸರು 1980ರ ಸುಮಾರಿಗೆ ಈ ಪ್ರಶ್ನೆಯನ್ನು ಬೀದಿಗೇ ತಂದರು.

1939ರಲ್ಲಿ ಹುಟ್ಟಿದ ಉಗಾರದ ಸಕ್ಕರೆ ಕಾರ್ಖಾನೆಯಂಥ ಕಡೆ ಕೆಲಸಗಾರನಿಗೆ ಭೋಂಗಾ ಉಂಟು, ಹಾಜರಿ ಪುಸ್ತಕವುಂಟು. ತನ್ನ ಒಡೆಯನಾರೆಂಬುದು ಅವನಿಗೆ ಗೊತ್ತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳ ಪಾಡು ಹಾಗಲ್ಲ. ಎಲೆ, ತಂಬಾಕುಗಳನ್ನು ಗುತ್ತಿಗೆದಾರನು ತೂಗಿ ಕೊಡುವನು. ಕಟ್ಟಿದ ಬೀಡಿಗಳಲ್ಲಿ ಇಷ್ಟು ಕೆಟ್ಟವೆಂದು ಆತನೇ ತೆಗೆದಿಡುವನು. ಜಗಳವಾಡಿದರೆ ನಾಳೆ ಎಲೆಯಿಲ್ಲ. ಮೇಲಾಗಿ ಅವನು ಪರಕೀಯನಲ್ಲ, ಅದೇ ಓಣಿಯವನು. ಮಗಳ ಮದುವೆಗೆ ಮುಂಗಡ ಕೊಟ್ಟವನೂ ಅವನೇ ಆಗಿರಬಹುದು. ಅವಳ ಮೌನವನ್ನು ಹೇಡಿತನವೆನ್ನುವುದು ಅನ್ಯಾಯ. ಅದರಲ್ಲಿ ಅರ್ಧ ಭಯ, ಅರ್ಧ ಋಣ. ಇಂಥವಳೂ ನೌಕರಳೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಒಪ್ಪಿತಾದರೂ, ಕಾಯಿದೆಗೆ ಓಣಿಯ ಋಣವನ್ನು ಹರಿಯುವ ಶಕ್ತಿಯಿಲ್ಲ.

ವಖಾರಿಯ ಮಾತು ಬೇರೆ. ಅಲ್ಲಿ ಹೆಂಗಸರು ಒಂದೇ ಸೂರಿನಡಿ ತಂಬಾಕನ್ನು ಬಡಿದು, ಜರಡಿ ಹಿಡಿದು, ಒಂದೇ ಘಾಟನ್ನು ಕುಡಿಯುತ್ತಿದ್ದರು. ಪಕ್ಕದವಳ ಕೆಮ್ಮು ತನ್ನದೇ ಕೆಮ್ಮು. ಕನ್ನಡದವಳು, ಮರಾಠಿಯವಳು ಎಂಬ ಭೇದವನ್ನು ಧೂಳು ಎಣಿಸದು. ಧಣಿಯ ಋಣಕ್ಕಿಂತ ಜೊತೆಯವಳ ಋಣ ದೊಡ್ಡದೆನಿಸಿದುದು ಅಲ್ಲಿಯೇ. ಪ್ರೊ. ಸುಭಾಷ ಜೋಶಿಯವರ ನೆರವಿನಿಂದ ಸಂಘ ಬೆಳೆಯಿತು. ಸುಮಾರು 3000 ಹೆಂಗಸರು ಕೆಲಸ ನಿಲ್ಲಿಸಿದರು. ದೀಪಾ ಧನರಾಜ್ ಮುಂತಾದವರ 'ಯುಗಾಂತರ' ತಂಡವು ಅವರೊಡನೆ ತಿಂಗಳುಗಟ್ಟಲೆ ಇದ್ದು, 1982ರಲ್ಲಿ 'ತಂಬಾಕೂ ಚಾಕಿಲ ಊಬ್ ಆಲಿ' ಎಂಬ ಮರಾಠಿ ಚಿತ್ರವನ್ನು ತೆಗೆಯಿತು. ಹೊರಗಿನವರು ಕಾಣದಿದ್ದ ವಖಾರಿಯ ಒಳಗು ಅದರಲ್ಲಿದೆ.

ಇನ್ನೊಂದು ತೊಡಕುಂಟು. ಈ ಹೆಂಗಸರಲ್ಲಿ ಎಷ್ಟೋ ಮಂದಿ ಹಳ್ಳಿಯ ಒಕ್ಕಲು ಮನೆಗಳಿಗೆ ಸಂಬಂಧಿಗಳು. 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕಿನ ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು. ವ್ಯಾಪಾರಿಯು ರೈತನಿಗೆ ಹೆಚ್ಚು ತೆತ್ತರೆ ಕೂಲಿಯನ್ನು ಹಿಂಡುವನೆಂಬ ಅಂಜಿಕೆ ಕೂಲಿಯವಳಿಗೆ ಸಹಜವಾದುದೇ. ಆದರೂ ಸುಭಾಷ ಜೋಶಿಯವರು ಎರಡೂ ಪಾಳೆಯಗಳಲ್ಲಿದ್ದರು. ಬೆಳೆದವನ ಎದುರಿಗೂ ಬಡಿದವಳ ಎದುರಿಗೂ ತಕ್ಕಡಿ ಹಿಡಿದಿದ್ದವನು ಒಬ್ಬನೇ ವ್ಯಾಪಾರಿಯಲ್ಲವೆ? ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ರೈತರು ಬಲಿಯಾದರು.