ಗೀರೇ ಹೊಳಪು, ಮಾರಾಯ್ರೆ!

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಹೆದ್ದಾರಿ ಬಿಟ್ಟು ತುಸು ಒಳಗೆ ಹೋದರೆ ತಗಡಿನ ಮಾಡಿನ ಒಂದು ಶೆಡ್. ಸಂಜೆ ಆರೂವರೆಯ ಹೊತ್ತು. ಒಳಗೆ ನನ್ನ ಕಪ್ಪು ಕಾರು. ಬೆಳಿಗ್ಗೆಯಷ್ಟೇ ವಾಟರ್ ಸರ್ವಿಸ್ ಮಾಡಿಸಿ, ಒರೆಸಿ, ಆಹಾ ಕನ್ನಡಿ ಎಂದು ನಾನೇ ಬೀಗಿ ತಂದು ನಿಲ್ಲಿಸಿದ್ದು. ಪಾಲಿಶ್ ಮಾಡುವ ಹುಡುಗ ಏನೂ ಹೇಳದೆ ಟ್ಯೂಬ್‌ಲೈಟ್ ಆರಿಸಿದ. ಟಾರ್ಚ್ ತೆಗೆದು ಬಾನೆಟ್ಟಿನ ಮೇಲೆ ಹಿಡಿದ.

"ಈಗ ನೋಡಿ ಸರ್."

ನೋಡಿದೆ. ಎದೆ ಧಸಕ್ಕೆಂದಿತು. ನನ್ನ ಕನ್ನಡಿಯ ತುಂಬ ಜೇಡರ ಬಲೆ! ನಡುವೆ ಟಾರ್ಚಿನ ಬೆಳಕು, ಅದರ ಸುತ್ತ ಬೆಳ್ಳಿಯ ಎಳೆಯಂಥ ನೂರಾರು ಉಂಗುರಗಳು, ಒಂದರೊಳಗೊಂದು, ಹುಣ್ಣಿಮೆ ಚಂದ್ರನಿಗೆ ಕೊಡೆ ಕಟ್ಟಿದ ಹಾಗೆ. ಹುಡುಗ ಟಾರ್ಚನ್ನು ಎಡಕ್ಕೆ ಸರಿಸಿದ. ಬಲೆಯೂ ಎಡಕ್ಕೆ ಸರಿಯಿತು! ಬಲಕ್ಕೆ ಸರಿಸಿದ, ಬಂತು ಬಲಕ್ಕೆ. ಗೀರು ಬಿದ್ದದ್ದು ಬಾನೆಟ್ಟಿನ ಮೇಲೆ ತಾನೇ? ಅದು ನಡೆಯುವುದು ಹೇಗೆ?

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಸ್ಟೀಲಿನ ಬಟ್ಟಲೊಂದನ್ನು ಬಲ್ಬಿನ ಕೆಳಗೆ ಹಿಡಿದೆ. ಅಲ್ಲಿಯೂ ಅದೇ ಉಂಗುರಗಳು. ನೀವೂ ಹಿಡಿದು ನೋಡಿ, ಈಗಲೇ. ಅಸಲಿಗೆ ಅಲ್ಲಿ ಒಂದೇ ಒಂದು ಗೀರು ಕೂಡ ಉಂಗುರವಾಗಿಲ್ಲ. ಪಾತ್ರೆ ತಿಕ್ಕಿದ ಕೈ ಹೇಗೆಲ್ಲ ಓಡಿತೋ ಹಾಗೆಲ್ಲ ಬಿದ್ದ ಅಡ್ಡಾದಿಡ್ಡಿ ಗೆರೆಗಳು. ಆದರೆ ಬೆಳಕು ಬಂದ ದಿಕ್ಕಿಗೆ ಅಡ್ಡಲಾಗಿ ಮಲಗಿದ ಗೀರು ಮಾತ್ರ ಬೆಳಕನ್ನು ಹಿಡಿದು ನಮ್ಮ ಕಣ್ಣಿಗೆ ಎಸೆಯುತ್ತದೆ. ಉಳಿದವು ಎಸೆದ ಬೆಳಕು ಬೇರೆಲ್ಲೋ ಹೋಗುತ್ತದೆ. ಮಿಂಚಿದ ಆ ತುಣುಕುಗಳನ್ನು ಜೋಡಿಸಿ ಉಂಗುರ ಕಟ್ಟುವುದು ನಮ್ಮ ಕಣ್ಣು. ಕಪ್ಪು ಕಾರಿನಲ್ಲಿ ಇದು ಎದ್ದು ಕಾಣುತ್ತದೆ, ಬಿಳಿ ಕಾರಿನಲ್ಲಿ ಅಡಗಿ ಕೂರುತ್ತದೆ. ಬಿಳಿ ಕಾರಿನವರು ನೆಮ್ಮದಿಯಿಂದ ನಿದ್ದೆ ಮಾಡುವುದು ಸುಮ್ಮನೆ ಅಲ್ಲ.

"ಇದೆಲ್ಲ ಯಾರು ಮಾಡಿದ್ದು?" ಎಂದು ಶೆಡ್ಡಿನಲ್ಲೇ ಹುಡುಗನನ್ನು ಕೇಳಿದ್ದೆ.

"ನೀವೇ ಸರ್. ಒಣಬಟ್ಟೆ ತಗೊಂಡು ದಿನಾ ಧೂಳು ಒರೆಸ್ತೀರಲ್ಲ?"

ಧೂಳು! ಈ ಬಂಟ್ವಾಳದ ಕೆಂಪು ಧೂಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಮುರಕಲ್ಲು ಸವೆದು ಎದ್ದ ಧೂಳು ಇದು. ಪ್ರವಾಸಿ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನೇತ್ರಾವತಿಯ ದಂಡೆ ಹಿಡಿದು ಬಂದು ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾಟಿ ಕಾರ್ಕಳದ ಕಡೆಗೆ ಹೋದ. ಆಗ ಅವನ ಬಟ್ಟೆಗೂ ಇದೇ ಕೆಂಪು ಹತ್ತಿರಬೇಕು. ಅದಕ್ಕೆ ತುಸು ಮೊದಲು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡಿದ್ದ ಅವನು, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಅದನ್ನು ಲ್ಯಾಟರೈಟ್ ಎಂದು ಕರೆದ. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ ಹುಟ್ಟಿದ ಮಾತು ಅದು. ಕಲ್ಲಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್, ಅಂದರೆ ನಮ್ಮ ಕಾವಿಯ ಬಣ್ಣವೇ. ಇನ್ನು ಕೇಳಿ: ಅಕ್ಕಸಾಲಿಗರು ಚಿನ್ನಕ್ಕೆ ಕೊನೆಯ ಮೆರುಗು ಕೊಡಲು, ದೂರದರ್ಶಕದ ಮಸೂರ ಕನ್ನಡಿಗಳನ್ನು ತಿಕ್ಕುವವರು ಕೊನೆಯ ನುಣುಪು ತರಲು ಶತಮಾನಗಳಿಂದ ಬಳಸಿದ ರೂಜ್ ಎಂಬ ಕೆಂಪು ಪುಡಿ ಇದೆಯಲ್ಲ, ಅದೂ ಕಬ್ಬಿಣದ ಆಕ್ಸೈಡೇ! ನಕ್ಷತ್ರ ನೋಡುವ ಕನ್ನಡಿಯನ್ನು ಬೆಳಗಿಸಿದ್ದೂ, ನನ್ನ ಬಾನೆಟ್ಟನ್ನು ಗೀರಿದ್ದೂ ಒಂದೇ ಕುಲದ ಕೆಂಪು. ಅಲ್ಲಿ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು, ಎಲ್ಲವೂ ಒಂದೇ ಅಳತೆ. ಇಲ್ಲಿ ಲಾರಿ ಎಬ್ಬಿಸಿದ ಒರಟು ಪುಡಿ, ನಡುನಡುವೆ ಮರಳಿನ ಹರಳು. ಅಷ್ಟೇ ವ್ಯತ್ಯಾಸ.

ಮರುದಿನ ಬೆಳಿಗ್ಗೆ ಮತ್ತೆ ಶೆಡ್ಡಿನಲ್ಲಿ ಹಾಜರ್. ಹುಡುಗ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಮೀಟರೊಂದನ್ನು ಬಾಗಿಲಿಗೆ ಒತ್ತಿದ. ಪೇಂಟ್ ಎಷ್ಟು ದಪ್ಪ ಎಂದು ಅದು ಮೈಕ್ರಾನಿನಲ್ಲಿ ಹೇಳುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಾರ್ಖಾನೆಯಿಂದ ಬಂದ ಕಾರಿಗೆ ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ ನೂರು ಮೈಕ್ರಾನಿನ ಆಸುಪಾಸು. ಅದರಲ್ಲಿ ಹೊಳೆಯುವುದು ಮೇಲಿನ ಆ ಬಣ್ಣವಿಲ್ಲದ ಪದರ ಮಾತ್ರ, ಮೂವತ್ತೈದರಿಂದ ಐವತ್ತು ಮೈಕ್ರಾನ್. ನಿಮ್ಮ ತಲೆಗೂದಲೊಂದು ಸುಮಾರು ಎಪ್ಪತ್ತು! ಲಕ್ಷಗಟ್ಟಲೆ ಕೊಟ್ಟು ಕೊಂಡ ವಾಹನದ ಅಂದವೆಲ್ಲ ಒಂದು ಕೂದಲಿಗಿಂತ ತೆಳುವಾದ ಪೊರೆಯ ಮೇಲೆ ನಿಂತಿದೆ.

ಮೀಟರು ಮುಂದಿನ ಬಾಗಿಲಿನಲ್ಲಿ ನೂರರ ಹತ್ತಿರ ತೋರಿಸಿತು. ಬಂಪರಿನಲ್ಲಿ ಮೌನ, ಅದು ಪ್ಲಾಸ್ಟಿಕ್ಕು, ಲೋಹವಿಲ್ಲದೆ ಇದು ಮಾತಾಡುವುದಿಲ್ಲ. ಹಿಂದಿನ ಬಾಗಿಲಿಗೆ ಒತ್ತಿದಾಗ ಅಂಕಿ ಒಮ್ಮೆಲೇ ನಾನೂರು ದಾಟಿತು. ಹುಡುಗ ನನ್ನ ಮುಖ ನೋಡಿದ.

"ಸೆಕೆಂಡ್ ಹ್ಯಾಂಡಾ ಸರ್?"

"ಹೌದು ಮಾರಾಯ. ಎಂತ ಆಯ್ತು?"

"ಇದು ಒಮ್ಮೆ ಎಲ್ಲೋ ತಾಗಿದೆ. ಟಿಂಕರಿಂಗ್ ಮಾಡಿ ಪುಟ್ಟಿ ಹಾಕಿ ಬಣ್ಣ ಹೊಡೆದದ್ದು."

ಅಪಘಾತವನ್ನೇ ಕಾಣದ ಕಾರು ಎಂದು ಆಣೆಯಿಟ್ಟು ಮಾರಿದವರ ಹೆಸರು ಇಲ್ಲಿ ಬೇಡ. ಆ ಕ್ಷಣ ನನಗೆ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು.

ಆಮೇಲೆ ಮಿಷಿನ್ ಹೊರಬಂತು. ಎರಡು ಜಾತಿ ಇವೆ. ಒಂದು ರೋಟರಿ, ನೆಟ್ಟಗೆ ಒಂದೇ ಅಚ್ಚಿನ ಸುತ್ತ ತಿರುಗುವುದು. ಏಳು ಇಂಚಿನ ಪ್ಯಾಡು ಹಾಕಿ ನಿಮಿಷಕ್ಕೆ 1500 ಸುತ್ತು ತಿರುಗಿಸಿದರೆ ಅದರ ಅಂಚು ಓಡುವ ವೇಗ ಗಂಟೆಗೆ ಐವತ್ತು ಕಿಲೋಮೀಟರು. ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ, ನಿಜ. ನಿಂತ ಕಾರಿನ ಮೇಲೆ ಸ್ಪಂಜು ಕಾರಿನ ವೇಗದಲ್ಲಿ ಓಡುತ್ತಿದೆ! ಒಂದೇ ಕಡೆ ತುಸು ಹೆಚ್ಚು ಹೊತ್ತು ನಿಂತರೆ ಬಿಸಿಗೆ ಪೇಂಟು ಸುಟ್ಟೇ ಹೋಗುತ್ತದೆ. ಅಂಚುಗಳಲ್ಲಿ, ಮಡಿಕೆಗಳಲ್ಲಿ ಪೇಂಟು ಇನ್ನೂ ತೆಳು. ಅದಕ್ಕೇ ಹುಡುಗ ಅಲ್ಲೆಲ್ಲ ಟೇಪು ಅಂಟಿಸಿದ್ದ, ಮದುಮಗಳಿಗೆ ಸಿಂಗಾರ ಮಾಡುವವಳ ತಾಳ್ಮೆಯಲ್ಲಿ.

ಇನ್ನೊಂದು ಜಾತಿಗೆ ಡಿ.ಎ. ಅನ್ನುತ್ತಾರೆ, ಎರಡು ಚಲನೆಯದ್ದು. ಪ್ಯಾಡು ಒಂದು ಪುಟ್ಟ ವೃತ್ತದಲ್ಲಿ ಸುತ್ತುತ್ತದೆ, ಸುತ್ತುತ್ತಲೇ ತನ್ನಷ್ಟಕ್ಕೆ ತಾನೂ ತಿರುಗುತ್ತದೆ. ಒಂದು ಕಣ ನಡೆದ ದಾರಿಯಲ್ಲೇ ಇನ್ನೊಮ್ಮೆ ನಡೆಯುವುದಿಲ್ಲ, ಆದ್ದರಿಂದ ಬಿಸಿ ಕಡಿಮೆ, ಮಿಷಿನಿನದೇ ಗೀರು ಕಡಿಮೆ. ಇದನ್ನು ಎಲ್ಲೋ ನೋಡಿದ್ದೇನಲ್ಲ, ಎಲ್ಲಿ ಎಂದು ತಲೆ ಕೆರೆದುಕೊಂಡೆ. ಥಟ್ಟನೆ ಹೊಳೆಯಿತು. ಅಜ್ಜಿಯ ಕಡೆಯುವ ಕಲ್ಲು! ಗುಂಡು ಗುಂಡಿಯ ಸುತ್ತ ಹೋಗುತ್ತದೆ, ಹೋಗುತ್ತ ಅಜ್ಜಿಯ ಅಂಗೈಯೊಳಗೆ ತಾನೂ ಹೊರಳುತ್ತದೆ. ಎಲ್ಲೋ ದೂರದಲ್ಲಿ ಇಂಜಿನಿಯರುಗಳು ಕುಳಿತು ಮೋಟಾರಿಗೆ ಕಲಿಸಿದ ಕುಣಿತ ನಮ್ಮ ಹಿತ್ತಿಲ ಚಾವಡಿಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿತ್ತು.

ಹೋಲಿಕೆ ಅಲ್ಲಿಗೆ ಮುಗಿಯಲಿಲ್ಲ. ಹುಡುಗ ಪ್ಯಾಡಿಗೆ ನಾಲ್ಕು ಬೊಟ್ಟು ಕಾಂಪೌಂಡ್ ಇಟ್ಟ. ಅದರೊಳಗೆ ಇರುವುದು ಅಲ್ಯೂಮಿನಿಯಂ ಆಕ್ಸೈಡಿನ ಹುಡಿ, ಮಾಣಿಕ್ಯ ನೀಲಗಳು ಯಾವುದರಿಂದ ಆಗಿವೆಯೋ ಅದೇ ವಸ್ತು. ಕೆಲವು ಕಾಂಪೌಂಡುಗಳಲ್ಲಿ ಕಣಗಳು ತಿಕ್ಕಿದಂತೆಲ್ಲ ಒಡೆದು ಸಣ್ಣದಾಗುತ್ತ ಹೋಗುತ್ತವೆ. ಮೊದಲ ಸುತ್ತಿಗೆ ಒರಟು, ಐದನೇ ಸುತ್ತಿಗೆ ನುಣುಪು. ನೀರುದೋಸೆಗೆ ಅಕ್ಕಿ ಕಡೆದ ಹಾಗೆಯೇ! ಮೊದಲು ತರಿತರಿ, ಕೊನೆಗೆ ಬೆರಳಲ್ಲಿ ಹಿಡಿದರೆ ಸಿಗದ ಹದ. ಹುಡುಗನಿಗೂ ಹದ ತಿಳಿಯುವುದು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ. "ಸೌಂಡ್ ಚೇಂಜ್ ಆಗ್ತದೆ ಸರ್, ಆಗ ಸಾಕು."

ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದ. ಟೇಪಿನ ಈಚೆ ಜೇಡರ ಬಲೆ. ಟೇಪಿನ ಆಚೆ... ಏನೂ ಇಲ್ಲ. ಆಳವಾದ, ಒದ್ದೆಯಾದ, ತಳ ಕಾಣದ ಬಾವಿಯಂಥ ಕಪ್ಪು, ಅದರೊಳಗೆ ಟಾರ್ಚಿನ ಒಂದೇ ಒಂದು ಚುಕ್ಕೆ, ಮತ್ತೆ ನನ್ನ ಬಾಯಿ ತೆರೆದ ಮುಖ.

"ಗೀರು ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗ್ಲಿಲ್ಲ. ಅದರ ಸುತ್ತ ಇದ್ದದ್ದನ್ನೆಲ್ಲ ಅದರ ಮಟ್ಟಕ್ಕೆ ಇಳಿಸಿದ್ದು."

ಅಂದರೆ ಹೊಳಪು ಅಂತ ಯಾವುದನ್ನೂ ಅವನು ಹಚ್ಚಲಿಲ್ಲ! ಕೆರೆದು ತೆಗೆದ. ಇನ್ನೂ ದಂಗಾಗುವ ಮಾತೆಂದರೆ, ಆ ತಳವಿಲ್ಲದ ಕಪ್ಪಿನಲ್ಲಿ ಈಗಲೂ ಗೀರುಗಳೇ ತುಂಬಿವೆ, ಮೊದಲಿಗಿಂತ ಹೆಚ್ಚೇ ಇರಬಹುದು. ಆದರೆ ಎಷ್ಟು ಸಣ್ಣವೆಂದರೆ ಬೆಳಕಿಗೇ ಅವು ತಿಳಿಯುವುದಿಲ್ಲ. ಬೆಳಕಿನ ಅಲೆಯ ಉದ್ದ ಮೈಕ್ರಾನಿನ ಹತ್ತರಲ್ಲಿ ನಾಲ್ಕರಿಂದ ಏಳು ಪಾಲು. ಗೀರಿನ ಆಳ ಅದಕ್ಕಿಂತ ತೀರಾ ಕಡಿಮೆಯಾದರೆ ಬೆಳಕು ಅದರ ಮೇಲೆ ಸಪಾಟು ನೆಲದಲ್ಲಿ ನಡೆದ ಹಾಗೆ ನಡೆದು ಹೋಗುತ್ತದೆ. ನ್ಯೂಟನ್ ಗಾಜನ್ನು ಸ್ವತಃ ತಿಕ್ಕಿದವನು. 1704ರಲ್ಲಿ ಬಂದ 'ಆಪ್ಟಿಕ್ಸ್'ನಲ್ಲಿ ಅವನು ಈ ಗುಟ್ಟನ್ನು ಬರೆದುಬಿಟ್ಟಿದ್ದ: ಪಾಲಿಶ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು. ಅಲ್ಲಿಗೆ ಮಾತು ಮುಗಿಯಲಿಲ್ಲ. 1901ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪಾಲಿಶ್ ಎಂಬ ಒಂದೇ ವಿಷಯದ ಮೇಲೆ ಉಪನ್ಯಾಸ ಕೊಟ್ಟ. ಇಪ್ಪತ್ತು ವರ್ಷಗಳ ನಂತರ ಬೀಲ್ಬಿ ಎಂಬ ವಿಜ್ಞಾನಿ, ಅದು ಗೀರುವುದಲ್ಲ, ಮೇಲ್ಮೈಯೇ ದ್ರವದ ಹಾಗೆ ಹರಿದು ಹರಡಿಕೊಳ್ಳುತ್ತದೆ ಎಂದು ವಾದಿಸಿದ. ಶೆಡ್ಡಿನ ಹುಡುಗ ನ್ಯೂಟನ್ನನ ಪಕ್ಷ.

ಈ ಕಸುಬಿನಲ್ಲಿ ಕಳ್ಳದಾರಿಯೂ ಉಂಟು. ಎಣ್ಣೆ, ಮೇಣ ಬೆರೆಸಿದ ಕ್ರೀಮು ಗೀರಿನೊಳಗೆ ತುಂಬಿ ಕೂತರೆ ಕಾರು ಮಿರಿಮಿರಿ ಮಿಂಚುತ್ತದೆ. ನಾಲ್ಕು ಸಲ ತೊಳೆಯಿರಿ, ಜೇಡ ತಿರುಗಿ ಬಂದು ಬಲೆ ಹಾಕಿರುತ್ತದೆ. ನಿಜವಾಗಿ ತೆಗೆದರೆ ಒಂದು ಸಲಕ್ಕೆ ಒಂದೆರಡು ಮೈಕ್ರಾನ್ ಹೋಯಿತು, ಒರಟು ಪ್ಯಾಡಾದರೆ ನಾಲ್ಕೈದು. ಹೋದದ್ದು ಬರುವುದಿಲ್ಲ. ಬಿಸಿಲನ್ನು ತಡೆಯುವುದೂ ಆ ಪೊರೆಯೇ. ಒಂದು ಕಾರಿನ ಆಯುಷ್ಯದಲ್ಲಿ ಹೀಗೆ ಎಷ್ಟು ಸಲ ಮಾಡಬಹುದೆಂದು ಬೆರಳಲ್ಲಿ ಎಣಿಸಿಬಿಡಬಹುದು.

ಕಾರು ಕೈಗೆ ಸಿಕ್ಕ ಭಾನುವಾರ ಬೆಳ್ತಂಗಡಿ ದಾರಿ ಹಿಡಿದೆ, ನೇರ ಧರ್ಮಸ್ಥಳಕ್ಕೆ. ಮಂಜುನಾಥನ ದರ್ಶನ ಮುಗಿಸಿ, ಅಲ್ಲಿನ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿರುವ ಹಳೆಯ ಕಾರುಗಳ ಸಂಗ್ರಹಾಲಯಕ್ಕೆ ನುಗ್ಗಿದೆ. ಎಷ್ಟು ಸಲ ನೋಡಿದ್ದೇನೋ! ಈ ಸಲ ಇಂಜಿನ್ನು, ದೀಪ, ಹಾರನ್ನು ಯಾವುದೂ ಕಣ್ಣಿಗೆ ಬೀಳಲಿಲ್ಲ. ಬರೀ ಮೈಯ ಚರ್ಮ. ಹಳೆಯ ಕಾಲದ ಕಾರುಗಳಿಗೆ ಈ ಕ್ಲಿಯರ್ ಕೋಟ್ ಇರಲಿಲ್ಲ, ಬಣ್ಣವೇ ಹೊಳಪು. ಒಂದು ಕಾಲಕ್ಕೆ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. 1924ರ ಮಾದರಿಯ ಓಕ್‌ಲ್ಯಾಂಡ್ ಎಂಬ ಅಮೆರಿಕದ ಕಾರಿಗೆ ಡುಪಾಂಟ್ ಕಂಪನಿಯ 'ಡ್ಯೂಕೊ' ಬಣ್ಣ ಹೊಡೆದರು. ಬೇಗ ಒಣಗುತ್ತಿತ್ತು, ಆದರೆ ತಿಕ್ಕದೆ ಹೊಳೆಯುತ್ತಿರಲಿಲ್ಲ. ನಮ್ಮೂರಿನ ಬಡಗಿಗಳು ಈಗಲೂ ಬಾಗಿಲಿಗೆ "ಡ್ಯೂಕೊ ಹೊಡೆಸಿ" ಅನ್ನುತ್ತಾರಲ್ಲ, ಆ ಪದ ಅಲ್ಲಿಂದ ಬಂದದ್ದು! ಅಂಬಾಸಿಡರ್, ಪದ್ಮಿನಿಗಳಿಗೆ ರಬ್ಬಿಂಗ್ ಪಾಲಿಶ್ ಮಾಡಿದವರಿಗೆ ಗೊತ್ತು, ಒರೆಸಿದ ಬಟ್ಟೆಗೆ ಕಾರಿನದೇ ಬಣ್ಣ ಹತ್ತುತ್ತಿತ್ತು. ನನ್ನ ಕಪ್ಪು ಕಾರು ತಿಕ್ಕಿದ ಪ್ಯಾಡು ಬೆಳ್ಳಗೇ ಇತ್ತು.

ಇನ್ನೊಂದು ಮಾತು ನೆನಪಾಯಿತು, ಹೇಳಿಬಿಡುತ್ತೇನೆ. ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹತ್ತಿಸಿ, ತಿರುಗುವ ಚರಕಿಯ ಮೇಲೆ ಕೊನೆಯ ಮೆರುಗು ಕೊಡುವುದು ಕೇದಗೆ ಜಾತಿಯ ಗಿಡದ ಒಣ ಗರಿಯಿಂದ. ನಮ್ಮಲ್ಲಿ ಅದೇ ಜಾತಿಯ ಮುಂಡೇವಿನ ಓಲೆ ಸುತ್ತಿ ಅಷ್ಟಮಿಗೆ ಮೂಡೆ ಬೇಯಿಸುತ್ತೇವೆ. ಪಾಲಿಶ್ ಪ್ಯಾಡಿನಲ್ಲಿ ಕಡುಬು ತಿನ್ನುವವರು ನಾವು!

ವೇಣೂರಿನಲ್ಲಿ 1604ರ ಗೊಮ್ಮಟನಿಗೆ ಕೈಮುಗಿದು ಮೂಡುಬಿದಿರೆ ತಲುಪುವಾಗ ಬಿಸಿಲು ಓರೆಯಾಗಿತ್ತು. ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಒಂದರಂತೆ ಇನ್ನೊಂದಿಲ್ಲ ಎನ್ನುವ ಆ ಕಂಬಗಳ ನಡುವೆ ನಾನು ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ನೋಡುತ್ತಿದ್ದುದನ್ನು ಕಂಡು ಒಬ್ಬ ಅಜ್ಜ, "ಎಂತ ಬಿದ್ದು ಹೋಯ್ತು ಮಾರಾಯ್ರೆ?" ಎಂದು ಕೇಳಿದರು. ಏನೆಂದು ಹೇಳಲಿ? ಜನ ಬೆನ್ನು ಕೊಟ್ಟು ಕೂರುವ ಎತ್ತರಕ್ಕೆ, ಕೈ ಊರಿ ಏಳುವ ಜಾಗದಲ್ಲಿ ಕಲ್ಲು ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಅದಕ್ಕಿಂತ ಮೇಲೆ ಒರಟು. ಬೆವರು, ಧೂಳು, ಅಂಗೈ, ಪಂಚೆಯ ಬಟ್ಟೆ. ಕಾಂಪೌಂಡೂ ಅದೇ, ಪ್ಯಾಡೂ ಅದೇ, ಮಿಷಿನ್ ಮಾತ್ರ ಆರು ಶತಮಾನ ನಿಧಾನ.

ಹೊರಗೆ ಬಂದರೆ ನನ್ನ ಕಾರಿನ ಮೇಲೆ ಆಗಲೇ ತೆಳುವಾಗಿ ಕೆಂಪು ಕೂತಿತ್ತು. ಅದರ ಮೇಲೆ ಯಾವುದೋ ಮಗು ಬೆರಳಲ್ಲಿ ದೊಡ್ಡದಾಗಿ ಒಂದು 'ಅ' ಬರೆದು ಓಡಿಹೋಗಿತ್ತು. ಮನೆಗೆ ಬಂದು ಧಾರಾಳ ನೀರು ಬಿಟ್ಟು ತೊಳೆದೆ, ಬಟ್ಟೆ ತಾಗಿಸಲಿಲ್ಲ. ರಾತ್ರಿ ಟಾರ್ಚ್ ಹಿಡಿದೆ. ಓಲೆಗರಿಯ ಮೇಲೆ ಕಂಟದಲ್ಲಿ ಕೊರೆದ ಅಕ್ಷರ ಕಾಣಬೇಕಾದರೆ ಮಸಿ ತಿಕ್ಕಬೇಕು. ಇಲ್ಲಿ ಬೆಳಕೇ ಮಸಿ. ಬಾನೆಟ್ಟಿನ ಆ ತಳವಿಲ್ಲದ ಕಪ್ಪಿನಲ್ಲಿ, ಬೆಳ್ಳಿಯ ಎಳೆಯಲ್ಲಿ, 'ಅ' ಹಾಗೇ ಇತ್ತು.

ಹುಡುಗನಿಗೆ ಫೋನ್ ಮಾಡಿದೆ.

"ಎಷ್ಟು ಹೋಗ್ತದೆ ಮಾರಾಯ, ಅದನ್ನು ತೆಗಿಲಿಕ್ಕೆ?"

"ಎರಡು ಮೈಕ್ರಾನ್ ಸರ್. ತೆಗೀಬೇಕಾ?"

ನಾನು ಟಾರ್ಚನ್ನು ಸ್ವಲ್ಪ ಎಡಕ್ಕೆ ಸರಿಸಿದೆ.